ಕೊಟ್ಟಿಗೆಯಲ್ಲೊಂದು ಸ್ಪೋರ್ಟ್ಸ್ ಕಾರು

ಬೇರೆಯವರ ಮನೇಲಿ ಹೊಸ ಗಾಡಿ ಬಂದರೆ ಒಂದು ದಿನ ಸ್ವೀಟು ಹಂಚಿ ಸುಮ್ಮನಾಗ್ತಾರೆ. ನಮ್ಮ ಮನೇಗೆ ಬಂದಿದ್ದು ಹಳೇ ಗಾಡಿ. ಬಂದ ಗಳಿಗೆಯಿಂದ ಒಂದಲ್ಲ ಒಂದು ಆಗ್ತಾನೇ ಇದೆ, ನಿಲ್ಲೋ ಲಕ್ಷಣವೇ ಇಲ್ಲ. ಫ್ಯಾಕ್ಟರೀಲಿ ನಾನು ಊಟದ ಡಬ್ಬಿ ಮುಚ್ಚಳ ತೆಗೆಯೋದೇ ತಡ, "ಮೇಡಂ, ಈ ವಾರ ಏನಾಯ್ತು?" ಅಂತ ಹುಡುಗೀರೆಲ್ಲ ಸುತ್ತ ಕೂತ್ಕೊಂಡ್ಬಿಡ್ತಾರೆ. ಹೇಳಿ ಹೇಳಿ ನನ್ನ ಮುದ್ದೆ ತಣ್ಣಗಾಗೋದು ದಿನಾ ಇದ್ದದ್ದೇ. ಅದಕ್ಕೇ ಒಂದ್ಸಲ ಕೂತು ಎಲ್ಲಾ ಬರೆದುಬಿಡೋಣ ಅಂತ ಹೊರಟಿದ್ದೀನಿ. ಇನ್ನಾದ್ರೂ ಬಿಸಿ ಊಟ ಮಾಡಬಹುದೇನೋ.

ನಮ್ಮದು ನೆಲಮಂಗಲದಿಂದ ಸ್ವಲ್ಪ ಒಳಗಿರೋ ಹಳ್ಳಿ. ನನಗೆ ದಾಬಸ್‌ಪೇಟೆಯ ಒಂದು ಫ್ಯಾಕ್ಟರೀಲಿ ಕೆಲಸ. ಸ್ಟೀಲ್ ಬೀರುಗಳಿಗೆ ಬಣ್ಣ ಹೊಡೆಯೋ ವಿಭಾಗಕ್ಕೆ ನಾನೇ ಸೂಪರ್‌ವೈಸರ್. ನಮ್ಮನೆಯವರು ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರು, ಸಂಜೆ ಮನೆ ಪಕ್ಕದ ಶೀಟಿನ ಶೆಡ್ಡಲ್ಲಿ ಟ್ಯೂಷನ್ ಹೇಳ್ತಾರೆ. ಅತ್ತೆ ಸೀಮೆಹಸು ಸಾಕಿ ಡೇರಿಗೆ ಹಾಲು ಹಾಕ್ತಾರೆ. ಹೆಸರಿಗೆ ಮನೇಲಿರ್ತಾರೆ, ಇರೋದೆಲ್ಲ ಕೊಟ್ಟಿಗೇಲಿ. ಬೇರೆ ಹೆಂಗಸರು ಒಡವೆ ಅಂಗಡಿ ಮುಂದೆ ನಿಂತ್ಕೊಂಡರೆ ನಾನು ಗ್ಯಾರೇಜ್ ಮುಂದೆ ನಿಂತ್ಕೊಳ್ಳೋಳು. ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡು ಓಡೋ ಗಾಡಿ ಒಂದು ನನ್ನದೂ ಅಂತ ಇರಬೇಕು ಅನ್ನೋದು ಚಿಕ್ಕಂದಿನ ಹುಚ್ಚು. ನಲವತ್ತು ದಾಟಿದ ಮೇಲೆ ಕೈಗೂಡ್ತು. ಆಮೇಲಿನ ಕಥೆಯೇ ಇದು.

ಬಾಕಿ ಅರ್ಧ ಎಲ್ಲಿ?

ದೊಡ್ಡಬಳ್ಳಾಪುರದ ಹತ್ತಿರ ಒಬ್ಬರು ಯಾವ ಕಾಲದಲ್ಲೋ ವಿದೇಶದಿಂದ ತರಿಸಿದ್ದ ಜಪಾನಿ ಗಾಡಿ ಅದು. ಕೋಳಿ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ಒಂದು ಕಾಲಕ್ಕೆ ಕೆಂಪಗಿದ್ದದ್ದು ಈಗ ಕಲ್ಲಂಗಡಿ ಹಣ್ಣಿನ ಸಿಪ್ಪೆ ಹತ್ತಿರದ ಬಣ್ಣಕ್ಕೆ ಬಂದಿತ್ತು. ಮುಂದಿನ ದೀಪಗಳು ಬಾನೆಟ್ ಒಳಗೆ ಅಡಗಿಕೊಂಡಿರುತ್ವೆ, ಸ್ವಿಚ್ ಒತ್ತಿದರೆ ಕಣ್ಣು ಬಿಟ್ಟ ಹಾಗೆ ಮೇಲಕ್ಕೆದ್ದು ಬರುತ್ವೆ. ಅದನ್ನ ನೋಡಿದ್ದೇ ನೋಡಿದ್ದು, ನಾನು ಅಲ್ಲೇ ಬಿದ್ದೋದೆ. ನಮ್ಮನೆಯವರು ಟೈರು ನೋಡಿ, ತುಕ್ಕು ನೋಡಿ, ಸೀಟಿನಲ್ಲಿ ಮೊಟ್ಟೆ ಇಟ್ಟು ಕೂತಿದ್ದ ಕೋಳಿ ನೋಡಿ, ಕೊನೆಗೆ ನನ್ನ ಮುಖ ನೋಡಿದರು.

ಲಾರಿ ಮೇಲೆ ಹೇರಿಸಿಕೊಂಡು ಮನೆ ಮುಂದೆ ಇಳಿಸಿದಾಗ ಅತ್ತೆ ಆರತಿ ತಟ್ಟೆ ಹಿಡಿದು ಕಾಯ್ತಿದ್ದರು. ಆರತಿ ಎತ್ತಿದರು, ಕುಂಕುಮ ಇಟ್ಟರು. ಗಾಡಿ ಸುತ್ತ ಒಂದು ಸುತ್ತು ಬಂದರು. ಖಾಲಿಯಾದ ಲಾರಿ ಒಳಗೆ ಒಂದ್ಸಲ ಬಗ್ಗಿ ನೋಡಿದರು. "ಇಷ್ಟೇನೇ? ಬಾಕಿ ಅರ್ಧ ಎಲ್ಲಿ?"

"ಇಷ್ಟೇ ಅತ್ತೆ. ಸ್ಪೋರ್ಟ್ಸ್ ಕಾರು ಇರೋದೇ ಹಿಂಗೆ."

"ಹಿಂದುಗಡೆ ಸೀಟು?"

"ಇರಲ್ಲ."

"ಓಡ್ತದಾ?"

"ಸದ್ಯಕ್ಕಿಲ್ಲ. ಓಡಿಸ್ತೀನಿ. ಎಂಜಿನ್ ಹೊಸದರ ಹಂಗೆ ಮಾಡಿಸ್ತೀನಿ, ಬಣ್ಣ ನಾನೇ ಹೊಡೀತೀನಿ, ನೋಡ್ತಿರಿ!"

ಗಾಡಿ ನಿಲ್ಲಿಸೋಕೆ ಇದ್ದ ಜಾಗ ಕೊಟ್ಟಿಗೆ ಒಂದೇ. ಅಲ್ಲಿ ಖಾಲಿ ಇದ್ದ ಭಾಗದಲ್ಲಿ ಇನ್ನೆರಡು ಹಸು ಕಟ್ಟಬೇಕು ಅಂತ ಅತ್ತೆ ಲೆಕ್ಕಾಚಾರ ಹಾಕಿಕೊಂಡಿದ್ದರು. ಹಂಗಾಗಿ ಪಂಚಾಯ್ತಿ ಶುರುವಾಯ್ತು, ತೀರ್ಪೂ ಅವರೇ ಕೊಟ್ಟರು: "ಆಯುಧಪೂಜೆ ತಂಕ ಟೈಮು. ಅವತ್ತು ಇದು ಆಂಜನೇಯನ ಗುಡಿಗೆ ಹೋಗಿ ಪೂಜೆ ಮಾಡಿಸ್ಕೊಂಡು ವಾಪಸ್ ಮನೆ ಮುಂದಕ್ಕೆ ಬರ್ಬೇಕು. ಯಾರೂ ತಳ್ಳಂಗಿಲ್ಲ, ಎಳೆಯಂಗಿಲ್ಲ. ಬಂತಾ, ಜಾಗ ಇದರದ್ದು. ಬರ್ಲಿಲ್ವಾ, ಅವತ್ತೇ ಗುಜರಿಗೆ, ಜಾಗ ನನ್ನ ಹಸೂಗೆ." ನಮ್ಮನೆಯವರು ಖುಷಿಯಿಂದ ಆಗಿಂದಾಗಲೇ ಹೊಸಕೋಟೆಯ ಗುಜರಿಯವರೊಬ್ಬರಿಗೆ ಫೋನ್ ಹಾಕಿ, ಆಯುಧಪೂಜೆ ದಿನ ಲಾರಿ ಸಮೇತ ಬನ್ನಿ ಅಂತ ಹೇಳಿಯೂ ಆಯ್ತು.

ಫೋನ್ ಇಟ್ಟು ಕೇಳಿದರು, "ಅವ್ವಾ, ತಳ್ಳಂಗೂ ಇಲ್ಲ, ಎಳೆಯಂಗೂ ಇಲ್ಲ ಅಂದ್ರೆ ಈಗ ಇದು ಇಲ್ಲಿಂದ ಕೊಟ್ಟಿಗೆಗೆ ಹೋಗೋದು ಹೆಂಗೆ?"

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಕಾನೂನು ಅವತ್ತಿಗೆ ಕಣ್ಲಾ. ಇವತ್ತು ಎಲ್ಲಾರೂ ತಳ್ರೀ!"

ಐದು ನಿಮಿಷ

ನೆಲಮಂಗಲದಲ್ಲಿ ಗ್ಯಾರೇಜ್ ಇಟ್ಟಿರೋ ಭಾಯ್ ಒಬ್ಬರಿದ್ದಾರೆ. ನಮ್ಮನೆಯವರ ಬೈಕಿಗೆ ಮೊದಲಿಂದ ಅವರೇ ಮೆಕ್ಯಾನಿಕ್ಕು. ಒಂದು ಭಾನುವಾರ ಬೆಳಗ್ಗೆ, "ಅಕ್ಕಾ, ಐದು ನಿಮಿಷ, ಸುಮ್ನೆ ನೋಡ್ಕೊಂಡು ಹೋಗ್ತೀನಿ" ಅಂತ ಬಂದರು. ಬಾನೆಟ್ ಎತ್ತಿದ್ದೇ ತಡ, ಟೋಪಿ ತೆಗೆದು ತಲೆ ಕೆರೆದುಕೊಂಡು "ಯಾ ಅಲ್ಲಾ" ಅಂದರು. ಕೆಟ್ಟು ಹೋಗಿದೆ ಅಂತ ನಾನು ಹೆದರಿದೆ. ನೋಡಿದರೆ ಅವರ ಕಣ್ಣಲ್ಲಿ ನೀರು. ಇಂಥ ಎಂಜಿನ್ನನ್ನ ಅವರು ಅಲ್ಲೀವರೆಗೆ ಮೊಬೈಲಲ್ಲಿ ಮಾತ್ರ ನೋಡಿದ್ದರಂತೆ.

"ಅಕ್ಕಾ, ಇದ್ರ ಎದೆ ಗಟ್ಟಿ ಐತೆ. ಉಸಿರು ಮಾತ್ರ ಕಟ್ಟೈತೆ. ಪಿಸ್ಟನ್ ಹೊಸದು ಹಾಕಣ, ಗಾಳಿ ಹೋಗೋ ದಾರಿ ದೊಡ್ಡದು ಮಾಡಣ, ಹೊಗೆ ಬರೋ ಪೈಪು ದಪ್ಪ ಮಾಡಣ..."

"ಟರ್ಬೋ ಕೂರಿಸಿದ್ರೆ?" ಅಂದೆ. ಹೊರಗೆ ಹೋಗೋ ಹೊಗೆಯ ರಭಸದಲ್ಲೇ ತಿರುಗಿ ಎಂಜಿನ್ನಿಗೆ ಗಾಳಿ ತುಂಬೋ ಸಾಮಾನು ಅದು. ಆ ಮಾತು ಬಾಯಿಂದ ಬಿದ್ದಿದ್ದೇ ಇಬ್ಬರಿಗೂ ಮೈ ಜುಂ ಅಂತು. ಅಲ್ಲೇ ಹುಲ್ಲಿನ ಪಿಂಡಿ ಮೇಲೆ ಕೂತ್ವಿ. ಇದ್ದಲು ತಗೊಂಡು ಕೊಟ್ಟಿಗೆ ಗೋಡೆ ಮೇಲೆ ನಾನು ಗಾಡಿ ಚಿತ್ರ ಬರೆದೆ. ಭಾಯ್ ಅದರೊಳಗೆ ಎಂಜಿನ್ ಬರೆದರು. ನಾನು ಹಿಂದುಗಡೆ ರೆಕ್ಕೆ ಸೇರಿಸಿದೆ, ಅವರು ಸೈಲೆನ್ಸರಿಗೆ ಎರಡು ಬಾಯಿ ಮಾಡಿದರು. ನಾನು ಚಕ್ರ ಅಗಲ ಮಾಡಿದೆ. ಹಸುಗಳು ಮೆಲುಕು ಹಾಕೋದು ಬಿಟ್ಟು ನಮ್ಮನ್ನೇ ನೋಡ್ತಿದ್ವು. ಅಷ್ಟು ಸಂತೋಷದ ಭಾನುವಾರ ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ.

ಮಧ್ಯಾಹ್ನ ನಮ್ಮನೆಯವರು ಬಂದು ಗೋಡೆ ಮುಂದೆ ಕೈಕಟ್ಟಿ ನಿಂತರು. ಮಕ್ಕಳ ಉತ್ತರ ಪತ್ರಿಕೆ ನೋಡೋ ಹಾಗೆ ಮೇಲಿಂದ ಕೆಳಗೆ ನೋಡಿ ಕೇಳಿದರು, "ಎಲ್ಲಾ ಸರಿ, ಬ್ರೇಕ್ ಎಲ್ಲಿ?"

ನಾನು ಭಾಯ್ ಮುಖ ನೋಡಿದೆ, ಭಾಯ್ ನನ್ನ ಮುಖ ನೋಡಿದರು. ಗೋಡೆ ತುಂಬ ಬರೆದಿದ್ದೀವಿ, ಬ್ರೇಕ್ ಇಬ್ಬರಿಗೂ ಜ್ಞಾಪಕಕ್ಕೇ ಬಂದಿಲ್ಲ. "ಸಾರ್, ಮೊದ್ಲು ಓಡ್ಲಿ, ನಿಲ್ಲೋದು ಆಮೇಲೆ ನೋಡ್ಕೊಳ್ಳಣ" ಅಂದರು ಭಾಯ್.

"ಅದೂ ನಿಜವೇ. ನಿಲ್ಲೋದ್ರಲ್ಲಿ ಇದು ಈಗಾಗಲೇ ಫಸ್ಟ್ ಕ್ಲಾಸ್ ಇದೆ" ಅಂತ ಹೇಳಿ ಅವರು ಊಟಕ್ಕೆ ಹೋದರು.

ಸಂಜೆ ಹೊತ್ತಿಗೆ ಭಾಯ್ ಫೋನ್ ರಿಂಗಾಯ್ತು. ಕೈಯೆಲ್ಲ ಗ್ರೀಸು, ಹಂಗಾಗಿ ಸ್ಪೀಕರ್ ಹಾಕಿದರು. ಅವರ ಹೆಂಡತಿ. ಐದು ನಿಮಿಷ ಅಂತ ಹೋಗಿ ಬೆಳಗ್ಗಿನ ತಿಂಡಿಯೂ ಇಲ್ಲ, ಮಧ್ಯಾಹ್ನದ ಊಟವೂ ಇಲ್ಲ ಅಂತ ಶುರು ಮಾಡಿದೋರು ಕೊನೆಗೆ ಕೂಗಿದರು, "ಉಸ್ ಗಾಡಿ ಸೇಚ್ ನಿಕಾ ಕರ್ ಲೇವ್!" ಆ ಗಾಡಿಯನ್ನೇ ಮದುವೆ ಮಾಡ್ಕೊಂಡುಬಿಡಿ ಅಂತ. ಫೋನ್ ಕಟ್ಟಾಯ್ತು. ನನಗೋ ನಾಚಿಕೆ, ಪಾಪ ಅವರ ಸಂಸಾರ ಏನಾಗುತ್ತೋ ಅಂತ.

ಭಾಯ್ ಇದ್ದಲು ಮತ್ತೆ ಕೈಗೆ ತಗೊಂಡರು. "ಅಕ್ಕಾ, ಪರ್ಮಿಷನ್ ಸಿಕ್ತು. ಬನ್ನಿ, ಟರ್ಬೋ ಎಲ್ಲಿ ಕೂರಿಸಣ ನೋಡಣ."

ನೀರು ಬಿತ್ತು

ಎಂಜಿನ್ ಬಿಚ್ಚಿ, ಗ್ಯಾರೇಜಿಗೆ ಹೋಗಿ, ಹೊಟ್ಟೆ ತುಂಬ ಹೊಸ ಸಾಮಾನು ತುಂಬಿಸಿಕೊಂಡು ವಾಪಸ್ ಬಂತು. ಟರ್ಬೋ ಆಸೆ ಮುಂದಕ್ಕೆ ಹಾಕಿದ್ವಿ, ಬ್ರೇಕ್ ಮೊದಲು ಹಾಕಿಸಿದ್ವಿ. ಅದು ಮೇಷ್ಟ್ರ ದಬ್ಬಾಳಿಕೆ. ಸೈಲೆನ್ಸರ್ ಮಾತ್ರ ನನ್ನಿಷ್ಟದ್ದು, ತೋಳುಗಾತ್ರದ್ದು. ಮೊದಲ ಸಲ ಸ್ಟಾರ್ಟ್ ಮಾಡೋ ದಿನ ಕೀಲಿ ತಿರುಗಿಸೋಕೆ ಮುಂಚೆ ಸ್ಟೇರಿಂಗಿಗೆ ಕೈ ಮುಗಿದೆ. ಇದು ಓಡದಿದ್ದರೆ ಅಲ್ಲಿಗೆ ಮುಗೀತು, ಗುಜರಿ ಲಾರಿಯೇ ಗತಿ.

ತಿರುಗಿಸಿದೆ. ಅಯ್ಯಯ್ಯಪ್ಪಾ, ಆ ಸದ್ದು! ಗೋಡೆ ಮೇಲಿದ್ದ ಕುಡುಗೋಲು ಕೆಳಕ್ಕೆ ಬಿತ್ತು. ನಾನು ಕಿರುಚಿದೆ, ಭಾಯ್ ಕುಣಿದರು, ಎರಡೂ ಯಾರಿಗೂ ಕೇಳಿಸಲಿಲ್ಲ. ಕೊಟ್ಟಿಗೆ ಬಾಗಿಲಿಂದ ಧೂಳು, ಹೊಗೆ ಎರಡೂ ಸೇರಿ ಬೀದಿಗೆ ಹೋಯ್ತು.

ನಮ್ಮ ಕಡೆ ಅಂಥಾ ಸದ್ದಿಗೆ, ಅಂಥಾ ಧೂಳಿಗೆ ಒಂದೇ ಅರ್ಥ. ಸ್ವಲ್ಪ ಹೊತ್ತಿಗೆಲ್ಲ ಹಿಂದಿನ ಮನೆ ಯಜಮಾನರು ತೆಂಗಿನಕಾಯಿ, ಊದುಬತ್ತಿ ಹಿಡ್ಕೊಂಡು ಓಡಿಬಂದರು. ಅವರ ಹಿಂದೆ ಅರ್ಧ ಬೀದಿ. "ಏನಪ್ಪಾ ಮೇಷ್ಟ್ರೇ, ಬೋರ್ ಹಾಕಿಸ್ತಿದ್ದೀರ, ಒಂದು ಮಾತು ಹೇಳ್ಬಾರ್ದಾ? ಎಷ್ಟಡಿ ಹೋಯ್ತು? ಕಲ್ಲು ಸಿಕ್ತಾ?"

"ಬೋರ್‌ವೆಲ್ ಅಲ್ಲ ಯಜಮಾನ್ರೇ, ಕಾರು" ಅಂತ ನಮ್ಮನೆಯವರು ಕಿವಿ ಮುಚ್ಚಿಕೊಂಡೇ ಕೂಗಿದರು.

ಯಜಮಾನರು ಕೊಟ್ಟಿಗೆ ಒಳಗೆ ಬಗ್ಗಿ ನೋಡಿದರು. ಮುಖ ಸಪ್ಪಗಾಯ್ತು. "ಇಷ್ಟು ಸದ್ದು ಮಾಡಿ ನೀರು ಬರಾಕಿಲ್ವಾ ಹಂಗಾದ್ರೆ?"

ಅವರ ಬಾಯಿಂದ ಆ ಮಾತು ಬಿತ್ತೋ ಇಲ್ವೋ, ಎಂಜಿನ್ನಿಗೆ ನೀರು ಹೋಗೋ ಹಳೇ ರಬ್ಬರ್ ಪೈಪು ಫಟ್ ಅಂತ ಒಡೀತು. ನೀರು ಸೂರಿನ ತನಕ ಚಿಮ್ಮಿತು. ಬಾಗಿಲಲ್ಲಿ ನಿಂತಿದ್ದೋರೆಲ್ಲ ಒಟ್ಟಿಗೆ, "ಬಿತ್ತು! ನೀರು ಬಿತ್ತು!" ಅಂತ ಕೂಗಿದರು. ಯಾರೋ ಶಿಳ್ಳೆ ಹೊಡೆದರು. ಯಜಮಾನರು ಹಿಂದೆ ಮುಂದೆ ನೋಡದೆ ಕಾಯಿ ಒಡೆದೇಬಿಟ್ಟರು. ನಾನು ಓಡಿ ಎಂಜಿನ್ ಆರಿಸಿದೆ.

ಬೀದಿಯಲ್ಲಿ ಹಿಂದೆ ನಿಂತಿದ್ದ ಒಬ್ಬರಿಗೆ ಏನೂ ಕಾಣ್ತಿರಲಿಲ್ಲ. ಅಲ್ಲಿಂದಲೇ ಕೂಗಿದರು, "ಎಷ್ಟಿಂಚು ಬಂತು?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಶಾಂತವಾಗಿ ಹೇಳಿದರು, "ಅರ್ಧ ಇಂಚು. ಬಿಸಿನೀರು."

ಡ್ಯೂಟಿ ಮೇಲಿದ್ದವರಿಗೆ

ಪೈಪು ಬದಲಾಯಿಸಿದ ಮೇಲೆ ಗಾಡಿ ಓಡೋಕೆ ಶುರುವಾಯ್ತು. ಓಡುತ್ತೆ, ಮನಸ್ಸು ಬಂದಾಗ ನಿಲ್ಲುತ್ತೆ. ನಿಂತರೆ ನಮ್ಮನೆಯವರು ತಳ್ತಾರೆ. ಆಯುಧಪೂಜೆಗೆ ಇನ್ನೂ ದಿನ ಇದೆ ಅಂತ ನಾನು ಧೈರ್ಯ ತಂದ್ಕೊಂಡಿದ್ದೆ. ಅದಕ್ಕಿಂತ ಮುಂದಿನ ದೀಪದ ಚಿಂತೆ ಜಾಸ್ತಿಯಾಗಿತ್ತು. ಒಂದು ಕಣ್ಣು ಏಳ್ತಿತ್ತು, ಇನ್ನೊಂದು ಏಳ್ತಿರಲಿಲ್ಲ. ಭಾಯ್ ವೈರೆಲ್ಲ ಬಿಚ್ಚಿ ಹೊಸದಾಗಿ ಜೋಡಿಸಿ, "ಅಕ್ಕಾ, ಈಗ ಎರಡೂ ಪಕ್ಕಾ" ಅಂದರು. ಖುಷಿ ತಡೀಲಾರದೆ ನೆಲಮಂಗಲಕ್ಕೆ ಒಂದು ರೌಂಡ್ ಹೊರಟೆ.

ಸರ್ಕಲ್‌ನಲ್ಲಿ ಎಡಕ್ಕೆ ತಿರುಗಬೇಕು, ಇಂಡಿಕೇಟರ್ ಹಾಕಿದೆ. ಟಿಕ್ ಟಿಕ್ ಅಂತ ಸದ್ದು ಬಂತು. ಅದರ ಜೊತೆ ಎಡಗಡೆ ದೀಪವೂ ಮೇಲೆದ್ದಿತು, ಕೂತಿತು. ಮತ್ತೆ ಎದ್ದಿತು, ಕೂತಿತು. ಭಾಯ್ ದೀಪದ ವೈರನ್ನ ಇಂಡಿಕೇಟರಿಗೆ ಸೇರಿಸಿಬಿಟ್ಟಿದ್ದರು. ಎದುರಿಗೆ ನಿಂತಿದ್ದ ಟ್ರಾಫಿಕ್ ಪೊಲೀಸಿನವರು ಕೈ ಹಂಗೇ ಮೇಲೆತ್ತಿಕೊಂಡು ಕಲ್ಲಾಗಿ ನಿಂತರು. ಆಮೇಲೆ ನಿಧಾನಕ್ಕೆ ನನ್ನ ಹತ್ತಿರ ಬಂದರು.

"ಮೇಡಂ, ಡ್ಯೂಟಿ ಮೇಲಿರೋ ಪೊಲೀಸರಿಗೆ ಕಣ್ಣು ಹೊಡೀತೀರಾ?"

"ನಾನಲ್ಲ ಸಾರ್, ಗಾಡಿ!"

"ಸೈಡಿಗೆ ಹಾಕಿ ಮೊದ್ಲು."

ಸೈಡಿಗೆ ಹಾಕಬೇಕು ಅಂದರೆ ಎಡಕ್ಕೆ ಹೋಗಬೇಕು. ಪೊಲೀಸಿನವರ ಎದುರಿಗೆ ಇಂಡಿಕೇಟರ್ ಹಾಕದೆ ಹೋಗೋದು ಹೆಂಗೆ? ಹಾಕಿದೆ. ಗಾಡಿ ಅವರ ಕಾಲ ಹತ್ತಿರವೇ ನಿಂತುಕೊಂಡು ಇನ್ನೂ ನಾಲ್ಕು ಸಲ ಕಣ್ಣು ಹೊಡೀತು. ಆಟೋದೋರು, ಹೂವಿನೋರು, ಬಸ್ಸಿಗೆ ಕಾಯ್ತಿದ್ದೋರು ಎಲ್ಲ ಹೊಟ್ಟೆ ಹಿಡ್ಕೊಂಡು ನಗ್ತಿದ್ದಾರೆ. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು.

ಅವರು ಮೀಸೆ ಒಳಗೇ ನಗು ತಡ್ಕೊಂಡು, "ಸರ್ವೀಸಲ್ಲಿ ಬೈಸ್ಕೊಂಡಿದ್ದೀನಿ, ಕಾಲ ಮೇಲೆ ಚಕ್ರ ಹತ್ತಿಸ್ಕೊಂಡಿದ್ದೀನಿ. ಇದೊಂದು ಬಾಕಿ ಇತ್ತು. ಹೋಗಿ, ಮೊದ್ಲು ರಿಪೇರಿ ಮಾಡಿಸಿ" ಅಂದು ಬಿಟ್ಟುಬಿಟ್ಟರು. ಬದುಕಿದೆ ಅಂತ ಗೇರ್ ಹಾಕಿದೆ. ಅಷ್ಟರಲ್ಲಿ ಅವರು ವಾಕಿಟಾಕಿ ಬಾಯಿಗೆ ಹಿಡಿದು ಮುಂದಿನ ಜಂಕ್ಷನ್‌ನಲ್ಲಿರೋರಿಗೆ ಹೇಳ್ತಿದ್ದದ್ದು ಕೇಳಿಸ್ತು:

"ಗುರೂ, ಒಂದು ಹಳೇ ಗಾಡಿ ಬರ್ತಾ ಇದೆ. ಕೇಸ್ ಗೀಸ್ ಏನೂ ಬೇಡ. ಸುಮ್ನೆ ಎಡಕ್ಕೆ ತಿರುಗಿಸೋಕೆ ಹೇಳು, ಮಜಾ ನೋಡು."

ಒಡಲು, ಅಂಚು, ಸೆರಗು

ಬಣ್ಣದ ವಿಷಯ ಬಂದಾಗ ನಾನು ಯಾರ ಮಾತೂ ಕೇಳೋಳಲ್ಲ. ದಿನಾ ಮಾಡೋ ಕೆಲಸ ಅದು. ಹಳೇ ಬಣ್ಣ ಪೂರ್ತಿ ಉಜ್ಜಿ ತೆಗೆದು, ಬಾಗಿಲ ಮೇಲೆ ಒಂದು ಚೂರು ಬೂದು ಬಣ್ಣ ಹಚ್ಚಿ ನೋಡಿದೆ. ವಿದೇಶದಲ್ಲೆಲ್ಲ ಈಗ ಅದೇ ಫ್ಯಾಷನ್ನು. ಹುಲ್ಲು ಹಾಕೋಕೆ ಬಂದ ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು.

"ಇದೇನೇ ಇದು, ತಾಲ್ಲೂಕಾಫೀಸ್ ಬೀರು ಇದ್ದಂಗೈತೆ. ದಿನಾ ಬೀರು ನೋಡಿ ನೋಡಿ ನಿನ್ನ ಕಣ್ಣು ಕೆಟ್ಟೋಗೈತೆ ಕಣಮ್ಮಿ. ಲಕ್ಷಣವಾಗಿ ಒಂದು ಬಣ್ಣ ಹಾಕಕ್ಕಾಗಲ್ವಾ?"

"ನೀವೇ ಹೇಳಿ ಅತ್ತೆ, ಯಾವ ಬಣ್ಣ?"

ಅವರು ಬಾಯಲ್ಲಿ ಹೇಳಲಿಲ್ಲ. ಮರುದಿನವೇ ನನ್ನನ್ನ ಬಸ್ಸಿಗೆ ಹತ್ತಿಸಿಕೊಂಡು ದೊಡ್ಡಬಳ್ಳಾಪುರಕ್ಕೆ ಹೊರಟರು. ಅಲ್ಲಿ ಅವರು ಮೊದಲಿಂದ ಸೀರೆ ತಗೊಳ್ಳೋ ನೇಕಾರರ ಮನೆ ಇದೆ. ಒಳಗೆ ಮಗ್ಗ ಖಟಖಟ ಅಂತಿತ್ತು. ನೇಕಾರರು ಚಾಪೆ ಹಾಸಿ ಕೂರಿಸಿ ಕೇಳಿದರು, "ಬಣ್ಣ ನೋಡ್ಬೇಕು ಅಂದ್ರಲ್ಲ ತಾಯಿ, ಯಾರಿಗೆ? ಹುಡುಗಿ ಬೆಳ್ಳಗವ್ರಾ?"

"ಸದ್ಯಕ್ಕೆ ತೇಪೆ ತೇಪೆ ಅವ್ಳೆ. ಮೇಲಿಂದೆಲ್ಲ ಉಜ್ಜಿ ತೆಗ್ದವ್ಳೆ ಇವ್ಳು" ಅಂತ ಅತ್ತೆ ನನ್ನ ಕಡೆ ಕೈ ತೋರಿಸಿದರು.

ನೇಕಾರರು ನನ್ನನ್ನ ಒಂಥರಾ ನೋಡಿದರು. "ಎತ್ತರ?"

"ನನ್ನ ಸೊಂಟಕ್ಕೆ ಬರ್ತಾಳೆ. ಅಗಲ ಮಾತ್ರ ಚೆನ್ನಾಗವ್ಳೆ."

ಅವರ ಹೆಂಡತಿ ನೂಲು ಸುತ್ತೋದು ನಿಲ್ಲಿಸಿ "ಅಯ್ಯೋ ಪಾಪ" ಅಂದರು. ಇನ್ನು ಸುಮ್ಮನಿರಬಾರದು ಅಂತ ನಾನು ಮೊಬೈಲ್ ತೆಗೆದು ಗಾಡಿ ಫೋಟೋ ತೋರಿಸಿದೆ. ಗಂಡ ಹೆಂಡತಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ನಕ್ಕಿದ್ದು ಮುಗಿದ ಮೇಲೆ ನೇಕಾರರಿಗೆ ನಮಗಿಂತ ಹುರುಪು ಬಂದುಬಿಡ್ತು. ಮಗ್ಗ ನಿಲ್ಲಿಸಿ ನೂಲಿನ ಕಂತೆಗಳನ್ನೆಲ್ಲ ಚಾಪೆ ಮೇಲೆ ಸುರಿದರು. ಒಡಲಿಗೆ ಕುಂಕುಮದ ಕೆಂಪು, ಕೆಳಗಡೆ ಅಂಚಿಗೆ ರಾಮಾ ಹಸಿರು, ಎರಡರ ಮಧ್ಯೆ ಜರಿಯ ಹಾಗೆ ಸಣ್ಣ ಚಿನ್ನದ ಗೆರೆ. ಹಿಂದಿನ ರೆಕ್ಕೆ ಏನಿದೆಯೋ ಅದು ಸೆರಗು, ಅದಕ್ಕೆ ಅಂಚಿನ ಬಣ್ಣವೇ ಬರಬೇಕು. ನೂಲುಗಳನ್ನ ಪಕ್ಕಪಕ್ಕ ಇಟ್ಟು ನೋಡಿದೆ. ಇಷ್ಟು ವರ್ಷ ಬಣ್ಣದ ಕೆಲಸ ಮಾಡಿದ್ದೀನಿ, ಅಂಥ ಜೋಡಿ ನನ್ನ ತಲೆಗೆ ಬಂದಿರಲಿಲ್ಲ. ಮೈಯೆಲ್ಲ ರೋಮಾಂಚನ. ಅತ್ತೆಯಂತೂ "ನಮ್ಮ ಗಾಡಿ, ನಮ್ಮ ಗಾಡಿ" ಅನ್ನೋಕೆ ಶುರು ಮಾಡಿದ್ದೇ ಅವತ್ತಿಂದ.

ಮೂರು ಬಣ್ಣದ ನೂಲು ಕಟ್ಟಿಕೊಡ್ತಾ ನೇಕಾರರು ಅಭ್ಯಾಸ ಬಲದಿಂದ ಕೇಳಿದರು, "ಬ್ಲೌಸ್ ಪೀಸು?"

ಅತ್ತೆ ಒಂದು ಗಳಿಗೆ ಯೋಚನೆ ಮಾಡಿದರು. "ಕೊಡಪ್ಪ. ಸ್ಟೇರಿಂಗಿಗೆ ಹೊಲಿಸಿದ್ರಾಯ್ತು."

ಆಯುಧಪೂಜೆ

ಹಬ್ಬದ ಹಿಂದಿನ ವಾರ ಗಾಡಿ ಕೆಲಸ ಮುಗೀತು. ಬಣ್ಣ ಹೊಳೀತಿತ್ತು. ಎಂಜಿನ್ ನಿಲ್ಲೋ ಕಾಯಿಲೆಯನ್ನ ಭಾಯ್ ಬಿಡಿಸಿದ್ದರು. ರೇಸಿನವರು ಕೂರೋ ಥರದ, ಗುಳಿ ಬಿದ್ದ ಹೊಸ ಸೀಟು ಬಂದಿತ್ತು. ಅಲ್ಲಿಗೇ ನಿಲ್ಲಿಸಬೇಕಾಗಿತ್ತು. ಆದರೆ ನಾನೂ ಭಾಯ್ ದೂರ ನಿಂತು ನೋಡಿದಾಗ ಚಕ್ರಕ್ಕೂ ಮೈಗೂ ನಡುವೆ ಸಂದು ಜಾಸ್ತಿ ಕಾಣ್ತಿತ್ತು, ಲಂಗ ಎತ್ತಿಕೊಂಡು ಕೆಸರು ದಾಟ್ತಿರೋ ಹಾಗೆ. "ಅಕ್ಕಾ, ಸ್ವಲ್ಪ ಇಳಿಸಣ್ವಾ?" ಅಂದರು. "ಇಳಿಸಿ!" ಅಂದೆ. ಸ್ಪ್ರಿಂಗು ಬದಲಾಯಿಸಿ ಇಳಿಸಿದರು. ಅಬ್ಬಾ, ಏನು ಅಂದ! ನೆಲಕ್ಕೆ ಮುತ್ತಿಡೋ ಹಾಗೆ ಕೂತುಬಿಡ್ತು.

ನಮ್ಮನೆಯವರು ನೋಡಿ, "ದಾರೀಲಿ ಹಂಪ್ ಇದೆ, ಗೊತ್ತಲ್ಲ?" ಅಂತ ಒಂದೇ ಮಾತು ಕೇಳಿದರು. ಆ ಹಂಪನ್ನ ಸರ್ಕಾರದವರು ಹಾಕಿದ್ದಲ್ಲ. ಡೇರಿ ಮುಂದೆ ಯಾರದೋ ಕೋಳಿ ಮೇಲೆ ಟೆಂಪೋ ಹತ್ತಿತು ಅಂತ ಊರಿನವರೇ ಸೇರಿ, ಒಬ್ಬರ ಮನೆ ಮೋಲ್ಡಿಂಗಲ್ಲಿ ಉಳಿದ ಕಾಂಕ್ರೀಟ್ ಸುರಿದು ಮಾಡಿದ್ದು. ಉಳಿದದ್ದು ಎಷ್ಟಿತ್ತೋ ಅಷ್ಟೂ ಸುರಿದಿದ್ದರು. ಓರೆಯಾಗಿ ಹತ್ತಿಸಿದರೆ ದಾಟುತ್ತೆ ಅಂದೆ. ಒಳಗೊಳಗೆ ನನಗೂ ಭಯವೇ.

ಹಬ್ಬದ ದಿನ ಮಧ್ಯಾಹ್ನ ಅತ್ತೆ ಪೂಜೆ ಸಾಮಾನು ತಗೊಂಡು ಮುಂಚೆಯೇ ಗುಡಿಗೆ ನಡ್ಕೊಂಡು ಹೋದರು. ನಾನೊಬ್ಬಳೇ ಗಾಡಿ ತಗೊಂಡು ಹೊರಟೆ. ಹಂಪ್ ಹತ್ತಿರ ಉಸಿರು ಬಿಗಿಹಿಡಿದು ಓರೆ ಮಾಡಿ ಹತ್ತಿಸಿದೆ. ಕೆಳಗೆ ಸರ್ರ್ ಅಂತ ಒಂಚೂರು ಸವರಿತು, ದಾಟಿತು! ಸ್ಟೇರಿಂಗ್ ಮೇಲೆ ಬಡಿದು ಕೂಗಿಬಿಟ್ಟೆ. ಗುಡಿ ಮುಂದೆ ಪೂಜೆಯಾಯ್ತು. ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಪಚಕ್ ಅಂತು, ಬೂದುಗುಂಬಳ ಒಡೆದಾಯ್ತು, ಅರ್ಧ ದಾರಿ ಗೆದ್ದಾಯ್ತು.

ಹೊರಡೋವಾಗ ಅತ್ತೆ ಬಾಗಿಲು ತೆಗೆದು ಕಡ್ಲೆಪುರಿ ಕವರ್ ಸಮೇತ ಪಕ್ಕದ ಸೀಟಿಗೆ ಇಳಿದರು. "ನಮ್ಮ ಗಾಡಿ ಪೂಜೆ ದಿನ ನಾನು ನಡ್ಕೊಂಡು ಹೋಗ್ಲಾ? ಬುಡು, ಜೋರಾಗಿ ಬುಡು!" ದಾರಿಯುದ್ದಕ್ಕೂ ಎರಡೂ ಕಡೆ ಕೈ ಬೀಸ್ತಾ ಬಂದರು.

ಡೇರಿ ಮುಂದೆ ಹಂಪ್ ಬಂತು. ಅದೇ ಥರ ಓರೆ ಮಾಡಿದೆ. ಮುಂದಿನ ಚಕ್ರ ದಾಟಿತು. ಆಮೇಲೆ ಹೊಟ್ಟೆ ಕೆಳಗೆ ಗರ್ರ್ ಅಂತ ಸದ್ದಾಗಿ ಗಾಡಿ ಹಂಪ್ ಮೇಲೆ ಕೂತೇಬಿಡ್ತು. ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಹುಲಿಯ ಹಾಗೆ ಗರ್ಜಿಸಿತು, ಹಿಂದಿನ ಚಕ್ರ ಗಿರಗಿರ ಅಂತ ಜಾಗದಲ್ಲೇ ಸುತ್ತಿತು. ಅಷ್ಟು ಶಕ್ತಿ, ಅಷ್ಟು ಅಂದ, ಎಲ್ಲಾ ಸೇರಿ ಒಂದಿಂಚು ಮುಂದಕ್ಕಿಲ್ಲ. ಮನೆ ಅಲ್ಲೇ ಕಾಣ್ತಿದೆ. ತಳ್ಳೋಕೆ ಹತ್ತು ಕೈ ಬಂದವು. "ಯಾರೂ ಮುಟ್ಟಂಗಿಲ್ಲ!" ಅಂತ ನಮ್ಮನೆಯವರು ಅಡ್ಡ ನಿಂತರು. ಅವರ ಹಿಂದೆ ಹೊಸಕೋಟೆ ಗುಜರಿಯವರು, ಅವರ ಹಿಂದೆ ಲಾರಿ. ನನ್ನ ಕಣ್ಣು ತುಂಬಿಬಂತು. ಸೋತುಹೋದೆ ಅಂತ ಸ್ಟೇರಿಂಗ್ ಮೇಲೆ ತಲೆಯಿಟ್ಟೆ.

ಗುಜರಿಯವರು ಮರ್ಯಾದೆಯಿಂದ ಅತ್ತೆ ಕಡೆ ಬಾಗಿಲು ತೆಗೆದರು. "ಅಮ್ಮಾ, ಇಳ್ಕೊಳ್ಳಿ. ಚೈನ್ ಹಾಕಿ ಎತ್ಕೊಂಡು ಹೋಗ್ತೀವಿ."

"ಇಳಿಯಕ್ಕಾಗ್ತಿಲ್ಲ ಕಣಪ್ಪ" ಅಂದರು ಅತ್ತೆ. "ಸೀಟು ಹಳ್ಳದಾಗೈತೆ. ಮಂಡಿ ಹಿಡ್ಕೊಂಬುಟ್ಟೈತೆ."

ನಮ್ಮನೆಯವರು ಎಬ್ಬಿಸೋಕೆ ಕೈ ಚಾಚಿದರು. "ಮುಟ್ಬೇಡ ಕಣ್ಲಾ, ಪ್ರಾಣ ಹೋಯ್ತದೆ!" ಅಂತ ಅತ್ತೆ ಚೀರಿದರು. ಅಕ್ಕಪಕ್ಕದ ಹೆಂಗಸರು ಬಂದು ಕಂಕುಳಿಗೆ ಕೈ ಹಾಕಿದರು. "ಅಯ್ಯಯ್ಯೋ, ಸೊಂಟ!" ಯಾರೋ ಎಣ್ಣೆ ತಂದರು. ಕಾಲಿಗೆ ಮುಟ್ಟಿಸ್ಕೊಳ್ಳಲಿಲ್ಲ. ಹಿಂದೆ ಬಸ್ಸು ಬಂದು ಹಾರ್ನ್ ಹೊಡೀತು, ಅದರ ಹಿಂದೆ ಎರಡು ಟ್ರ್ಯಾಕ್ಟರು. ಅತ್ತೆ ಕಡ್ಲೆಪುರಿ ಬಿಚ್ಚಿ ಒಂದೊಂದೇ ಹಿಡಿ ಬಾಯಿಗೆ ಹಾಕ್ಕೊಳ್ತಾ, ನಡುನಡುವೆ ನರಳ್ತಾ ಕೂತರು. ಎಂಜಿನ್ ಆರಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತೋ ಇಲ್ವೋ ಅಂತ ನಾನೂ ಆರಿಸದೆ, ಗೇರೂ ತೆಗೆಯದೆ ಕೂತೆ.

ಗುಜರಿಯವರು ಕಾದರು, ಟೀ ಕುಡಿದರು, ಮತ್ತೆ ಕಾದರು. ಕೊನೆಗೆ ತಲೆ ಚಚ್ಚಿಕೊಂಡು, "ಮೇಷ್ಟ್ರೇ, ಹೋಗ್ಲಿ, ಅಮ್ಮನ ಸಮೇತ ತೂಕ ಹಾಕ್ಲಾ?" ಅಂದರು. ಅಷ್ಟರಲ್ಲಿ ಅವರಿಗೆ ಮನೆಯಿಂದ ಫೋನು. ಅವರ ಸ್ವಂತ ಲಾರಿಗೇ ಇನ್ನೂ ಪೂಜೆಯಾಗಿಲ್ಲವಂತೆ, ಪೂಜಾರಿ ಕಾದು ಕಾದು ಎದ್ದು ಹೊರಟರಂತೆ. "ಈ ಸಹವಾಸ ನನಗೆ ಬೇಡವೇ ಬೇಡ" ಅಂತ ಲಾರಿ ಹತ್ತಿ, ರಿವರ್ಸ್ ತಗೊಂಡು ಹೊರಟೇಹೋದರು.

ಅತ್ತೆ ಕನ್ನಡಿಯಲ್ಲಿ ನೋಡ್ತಾನೇ ಇದ್ದರು. "ಹೋದ್ನಾ?"

"ಹೋದ್ರು ಅತ್ತೆ."

"ಸರಿ, ಹಾಲು ಕರೆಯೋ ಹೊತ್ತಾಯ್ತು." ಒಂದು ಕೈ ಬಾಗಿಲಿಗೆ ಕೊಟ್ಟು, ಚಂಗನೆ ಎದ್ದು ಹೊರಗೆ ನಿಂತು ಸೀರೆ ಕೊಡವಿಕೊಂಡರು. ಅವರ ಹಸುವಿನ ಜಾಗ ಅವರ ಕೈಗೇ ಬಂದಿತ್ತು. ಅದನ್ನ ಬೇಡ ಅಂತ ಬಿಟ್ಟು ನನ್ನ ಗಾಡಿಗೆ ಕಾವಲು ಕೂತಿದ್ದರು! ಇಳಿದು ತಬ್ಕೊಂಡುಬಿಡೋಣ ಅನ್ನಿಸ್ತು.

ಇಳಿಯೋಕೆ ಆಗಲಿಲ್ಲ. ಅತ್ತೆಯ ಭಾರ ಇಳಿದಿದ್ದೇ ಸ್ಪ್ರಿಂಗು ಮೇಲಕ್ಕೆದ್ದಿತು, ಹಿಂದಿನ ಚಕ್ರಕ್ಕೆ ನೆಲ ಸಿಕ್ತು. ಗಾಡಿ ತಾನಾಗೇ ಒಂದು ಜಗ್ಗು ಜಗ್ಗಿ ಹಂಪಿನಿಂದ ಕೆಳಗಿಳಿದು ಮುಂದಕ್ಕೆ ಹೊರಟಿತು. ಯಾರೂ ತಳ್ಳಲಿಲ್ಲ, ಯಾರೂ ಎಳೆಯಲಿಲ್ಲ. ಸೀದಾ ಹೋಗಿ ಮನೆ ಮುಂದೆ ನಿಲ್ಲಿಸಿ ಹಿಂದಕ್ಕೆ ತಿರುಗಿ ನೋಡಿದೆ. ಊರಿಗೆ ಊರೇ ಬಾಯಿ ತೆರೆದು ನಿಂತಿತ್ತು.

ನಮ್ಮನೆಯವರು ಹಂಪ್ ನೋಡಿದರು, ಗಾಡಿ ನೋಡಿದರು, ತಾಯಿನ ನೋಡಿದರು. "ಅವ್ವಾ, ನೀನು ಆಗಲೇ ಇಳಿದಿದ್ರೆ ಅದು ಆಗಲೇ ದಾಟ್ತಿತ್ತು."

"ಅಂದ್ರೆ ಇಷ್ಟೊತ್ತೂ ಅದನ್ನ ಅಮುಕ್ಕೊಂಡು ಕೂತಿದ್ದೋಳು ನಾನೇನ್ಲಾ?" ಅಂತ ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಕಣ್ಣಲ್ಲಿ ನೀರು ಬರೋವಷ್ಟು ನಕ್ಕರು. ಬಸ್ಸಿನಲ್ಲಿದ್ದೋರೂ ನಕ್ಕರು.

ನಮ್ಮನೆಯವರೊಬ್ಬರೇ ನಗಲಿಲ್ಲ. "ಸರಿ, ಕೊಟ್ಟಿಗೆ ಗಾಡಿಗೆ ಹೋಯ್ತು. ಇನ್ನೆರಡು ಹಸು ತರ್ತೀನಿ ಅಂದ್ಯಲ್ಲ, ಎಲ್ಲಿ ಕಟ್ತೀಯ?"

"ನೀನು ಟ್ಯೂಷನ್ ಹೇಳೋ ಶೀಟಿನ ಶೆಡ್ಡು ಐತಲ್ಲ" ಅಂದರು ಅತ್ತೆ ಹಾಲಿನ ಕ್ಯಾನ್ ಎತ್ತಿಕೊಂಡು. "ಹಸೂಗಾದ್ರೆ ಹುಲ್ಲು ಹಾಕಿದ್ರೆ ಹಾಲಾದ್ರೂ ಕೊಡ್ತವೆ. ನಿನ್ನ ಟ್ಯೂಷನ್ ಮಕ್ಕಳು ಲೆಕ್ಕಾನೂ ಸರಿಯಾಗಿ ಕೊಡಲ್ಲ."